ಎಳೆ ಮಕ್ಕಳಿರುವ ಮನೆಯಲ್ಲಿ ಸೊಂಟ ಮತ್ತೆ ಮತ್ತೆ ಹಿಡಿದುಕೊಂಡರೆ

ಬೆಳಿಗ್ಗೆ ಎಂಟು ಗಂಟೆ. ದೊಡ್ಡವಳ ಸ್ಕೂಲ್ ವ್ಯಾನ್ ಬರುವ ಹೊತ್ತು. ಅವಳ ಶೂ ಲೇಸ್ ಕಟ್ಟಬೇಕು. ಚಿಕ್ಕವನು ನನ್ನ ಕಂಕುಳಲ್ಲಿದ್ದ. ಅವನನ್ನು ಇಳಿಸದೆ ಹಾಗೇ ಬಗ್ಗಿದೆ. ಸೊಂಟದ ಎಡಗಡೆ ಚಳುಕು ಹಿಡಿಯಿತು. ಎದ್ದು ನಿಲ್ಲಲು ಗೋಡೆ ಹಿಡಿಯಬೇಕಾಯಿತು.

ಎರಡು ವರ್ಷದಲ್ಲಿ ಅದು ನಾಲ್ಕನೇ ಸಲ. ಹಿಂದಿನ ಮೂರು ಸಲವೂ ಎಣ್ಣೆ ಹಚ್ಚಿಸಿಕೊಂಡೆ, ಮಲಗಿದೆ, ಒಂದು ಇಂಜೆಕ್ಷನ್ ಹಾಕಿಸಿಕೊಂಡೆ. ಹತ್ತು ದಿನಕ್ಕೆ ನೋವು ಹೋಯಿತು. ಮೊದಲ ಎರಡು ಸಲ ಅದರ ಹಿಂದೆಯೇ ನೆನಪೂ ಹೋಯಿತು. ನಾಲ್ಕನೇ ಸಲ ನನ್ನನ್ನು ನೋಡಿದ ಫಿಸಿಯೋಥೆರಪಿಸ್ಟ್ ಕೇಳಿದ್ದು ಒಂದೇ ಪ್ರಶ್ನೆ: "ನೋವು ಇಲ್ಲದಾಗ ಬೆನ್ನಿಗೆ ಏನು ಮಾಡ್ತೀರಿ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಆಮೇಲೆ ನಾನು ಕಲಿತದ್ದೆಲ್ಲ ಆ ಪ್ರಶ್ನೆಯಿಂದಲೇ ಶುರುವಾಯಿತು.

ನಾನು ಡಾಕ್ಟರ್ ಅಲ್ಲ. ಮೈಸೂರಿನ ಸರಸ್ವತಿಪುರಂನಲ್ಲಿ ಇಬ್ಬರು ಮಕ್ಕಳನ್ನು ಸಾಕುತ್ತಿರುವ ತಾಯಿ. ಅತ್ತೆ ಮನೆ ಮಂಡ್ಯದ ಹತ್ತಿರದ ಹಳ್ಳಿ. ಮಕ್ಕಳನ್ನು ಎತ್ತುವ ಅಪ್ಪಂದಿರಿಗೂ, ಮೊಮ್ಮಕ್ಕಳನ್ನು ನೋಡಿಕೊಳ್ಳುವ ಅಜ್ಜಿಯರಿಗೂ ಇದರಲ್ಲಿ ಬೇಕಾದ್ದು ಸಿಗುತ್ತದೆ ಎಂದುಕೊಂಡಿದ್ದೇನೆ.

ಮೊದಲು ಇದನ್ನು ನೋಡಿ

ಸೊಂಟ ನೋವುಗಳಲ್ಲಿ ನೂರಕ್ಕೆ ಸುಮಾರು 90 ಭಾಗ ಸ್ನಾಯು, ಕೀಲುಗಳ ನೋವು. ಒಳಗೆ ದೊಡ್ಡ ಕಾಯಿಲೆ ಇರುವುದಿಲ್ಲ. ಆದರೆ ಉಳಿದದ್ದನ್ನು ಗುರುತಿಸುವುದು ಗೊತ್ತಿರಬೇಕು.

ಮೂತ್ರ ಕಟ್ಟಿದ್ದರೆ, ಅಥವಾ ಮೂತ್ರ ಮಲ ಗೊತ್ತಾಗದೆ ಹೋಗುತ್ತಿದ್ದರೆ, ತೊಡೆಸಂದಿನಲ್ಲಿ ಮತ್ತು ಕೂರುವ ಜಾಗದಲ್ಲಿ ಮರಗಟ್ಟಿದ್ದರೆ, ಕಾಲಿನ ಶಕ್ತಿ ಕಡಿಮೆಯಾಗಿ ಪಾದ ಎತ್ತಲಾಗದೆ ಚಪ್ಪಲಿ ಎಳೆಯುತ್ತಿದ್ದರೆ, ಓದುವುದನ್ನು ಇಲ್ಲಿಗೇ ಬಿಟ್ಟು ಹೊರಡಿ. ಬೆನ್ನಿನ ಕೆಳತುದಿಯ ನರಗಳ ಗೊಂಚಲು ಒತ್ತಿಹೋದಾಗ ಹೀಗಾಗುತ್ತದೆ. ತಡವಾದರೆ ಆ ಶಕ್ತಿ ವಾಪಸ್ ಬರದೇ ಹೋಗಬಹುದು. ಮೈಸೂರಿನಲ್ಲಿ ಕೆ.ಆರ್. ಆಸ್ಪತ್ರೆ, ಮಂಡ್ಯದಲ್ಲಿ ಮಿಮ್ಸ್, ಅಥವಾ ಹತ್ತಿರದ ಯಾವುದೇ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗ. ಗಾಡಿ ಇಲ್ಲದಿದ್ದರೆ 108ಕ್ಕೆ ಫೋನ್ ಮಾಡಿ.

ಬೆನ್ನು ನೋವಿನ ಜೊತೆ ಜ್ವರ ಇದ್ದರೆ ಅವತ್ತೇ ಡಾಕ್ಟರನ್ನು ನೋಡಿ. ಹೆರಿಗೆಯಾಗಿ ಕೆಲವೇ ವಾರವಾಗಿದ್ದರಂತೂ ನಾಳೆಗೆ ಬಿಡಬೇಡಿ. ಕಾರಣವಿಲ್ಲದೆ ತೂಕ ಇಳಿಯುತ್ತಿದ್ದರೆ, ಸಂಜೆ ಹೊತ್ತು ಮೈ ಬಿಸಿಯಾಗುತ್ತಿದ್ದರೆ, ಮಲಗಿದರೂ ರಾತ್ರಿ ನೋವು ಕಡಿಮೆಯಾಗದಿದ್ದರೆ ಕೂಡ ತೋರಿಸಲೇಬೇಕು. ಕ್ಷಯ ಶ್ವಾಸಕೋಶಕ್ಕೆ ಮಾತ್ರ ಬರುವುದಿಲ್ಲ, ಬೆನ್ನುಮೂಳೆಗೂ ಬರುತ್ತದೆ. ಜಾರಿ ಬಿದ್ದ ಮೇಲೆ ಬಂದ ನೋವು, ಹಿಂದೆ ಕ್ಯಾನ್ಸರ್ ಆಗಿದ್ದವರ ನೋವು, ಬಸುರಿಯರ ನೋವು, ಇವಕ್ಕೂ ಮನೆಮದ್ದು ಸಾಲದು. ಪಕ್ಕೆಯಿಂದ ತೊಡೆಸಂದಿಗೆ ಇಳಿಯುವ ನೋವಾದರೆ ಅದು ಕಿಡ್ನಿಯ ಕಲ್ಲೂ ಇರಬಹುದು.

ಇದ್ಯಾವುದೂ ಇಲ್ಲವಾ? ಹಾಗಾದರೆ ಮುಂದೆ ಓದಿ.

ಯಾಕೆ ಮತ್ತೆ ಮತ್ತೆ ಬರುತ್ತದೆ

ಹುಟ್ಟುವಾಗ 3 ಕೆ.ಜಿ. ಇದ್ದ ಮಗು ಒಂದು ವರ್ಷಕ್ಕೆ 9-10 ಕೆ.ಜಿ. ಆಗುತ್ತದೆ. ಮಗು ಬೆಳೆಯುವ ಅದೇ ವರ್ಷದಲ್ಲಿ ತಾಯಿಯ ಬೆನ್ನು ಅತಿ ದುರ್ಬಲ ಸ್ಥಿತಿಯಲ್ಲಿರುತ್ತದೆ. ಬಸುರಿನಲ್ಲಿ ಹೊಟ್ಟೆಯ ಸ್ನಾಯುಗಳು ಹಿಗ್ಗಿರುತ್ತವೆ. ಕೀಲುಗಳ ಕಟ್ಟು ಸಡಿಲಾಗಿರುತ್ತದೆ. ಆಮೇಲೆ ನಿದ್ದೆಯಿಲ್ಲದ ರಾತ್ರಿಗಳು. ನಿದ್ದೆ ಕಮ್ಮಿಯಾದರೆ ಅದೇ ನೋವು ಜಾಸ್ತಿ ಅನ್ನಿಸುತ್ತದೆ. ಮನಸ್ಸಿನ ಚಿಂತೆಯೂ ಹಾಗೇ ಮಾಡುತ್ತದೆ. ಇದು ನಿಮ್ಮ ಕಲ್ಪನೆಯಲ್ಲ, ನೋವನ್ನು ಮೆದುಳು ಅಳೆಯುವ ರೀತಿಯೇ ಹಾಗೆ.

ಇನ್ನೊಂದು ಕಾರಣ ತಕ್ಕಡಿಯ ಲೆಕ್ಕ. ಬೆನ್ನುಮೂಳೆಯನ್ನು ಹಿಂದಿನಿಂದ ಹಿಡಿದಿರುವ ಸ್ನಾಯು, ಮೂಳೆಯ ನಡುವಿನಿಂದ ಸುಮಾರು 5 ಸೆಂ.ಮೀ. ದೂರದಲ್ಲಿದೆ. ಕೈ ಚಾಚಿ ಮಗುವನ್ನು ಎತ್ತುವಾಗ ಮಗು ಸುಮಾರು 50 ಸೆಂ.ಮೀ. ಮುಂದಿರುತ್ತದೆ. ತಕ್ಕಡಿಯ ಒಂದು ಕಡ್ಡಿ ಹತ್ತರಷ್ಟು ಉದ್ದವಾದ ಹಾಗೆ. 10 ಕೆ.ಜಿ. ಮಗುವಿಗೆ ಬೆನ್ನಿನ ಸ್ನಾಯು 100 ಕೆ.ಜಿ.ಯಷ್ಟು ಎಳೆಯಬೇಕು. ಅದೇ ಮಗುವನ್ನು ಎದೆಗೆ ಒತ್ತಿಕೊಂಡು, 20 ಸೆಂ.ಮೀ. ದೂರದಲ್ಲಿ ಎತ್ತಿದರೆ 40 ಕೆ.ಜಿ. ಸಾಕು. ತೊಟ್ಟಿಲಿನಿಂದ, ನೆಲದಿಂದ, ಸ್ಕೂಟರಿನಿಂದ ಅಂತ ದಿನಕ್ಕೆ ಎಷ್ಟು ಸಲ ಎತ್ತುತ್ತೇವೆ, ಒಂದು ದಿನ ಎಣಿಸಿ ನೋಡಿ. ನಾನು ಮಧ್ಯಾಹ್ನದ ಹೊತ್ತಿಗೆ ಎಣಿಸುವುದನ್ನು ಬಿಟ್ಟೆ.

ನಮ್ಮ ಕಡೆ ಸಿಸೇರಿಯನ್ ಆದವರಿಗೆಲ್ಲ ಒಂದು ಮಾತು ಕಟ್ಟಿಟ್ಟದ್ದು: "ಬೆನ್ನಿಗೆ ಸೂಜಿ ಚುಚ್ಚಿದ್ರಲ್ಲ, ಅದಕ್ಕೇ." ನಾನೂ ನಂಬಿದ್ದೆ. ಸೂಜಿ ಹಾಕಿದ ಜಾಗ ಕೆಲವು ದಿನ ನೋಯುವುದು ನಿಜ. ಆದರೆ ಹೆರಿಗೆಯಲ್ಲಿ ಆ ಇಂಜೆಕ್ಷನ್ ತೆಗೆದುಕೊಂಡವರನ್ನೂ ತೆಗೆದುಕೊಳ್ಳದವರನ್ನೂ ಹೋಲಿಸಿ ನೋಡಿದಾಗ, ವರ್ಷಗಟ್ಟಲೆ ಉಳಿಯುವ ಬೆನ್ನು ನೋವಿಗೆ ಅದು ಕಾರಣವೆಂದು ಕಂಡುಬಂದಿಲ್ಲ. ಇದನ್ನು ಒತ್ತಿ ಹೇಳಲು ಕಾರಣವಿದೆ. ಸೂಜಿಯೇ ಕಾರಣ ಎಂದುಕೊಂಡರೆ ಇನ್ನೇನೂ ಮಾಡುವಂತಿಲ್ಲ ಎಂದು ಕೈಚೆಲ್ಲುತ್ತೇವೆ. ಸ್ನಾಯು ಸೋತಿದೆ ಎಂದು ತಿಳಿದರೆ ಮಾಡಲು ಬೇಕಾದಷ್ಟಿದೆ.

ನೋವು ಬಂದ ಮೊದಲ ಎರಡು ದಿನ

ಬಗ್ಗಿದ ಜಾಗದಲ್ಲೇ ಹಿಡಿದುಕೊಂಡರೆ ಮೊದಲು ಮಗುವನ್ನು ನೆಲಕ್ಕೆ ಇಳಿಸಿ. ನಿಧಾನವಾಗಿ ನೀವೂ ಮಂಡಿಯೂರಿ. ಆಮೇಲೆ ಒಂದು ಮಗ್ಗುಲಿಗೆ ಮಲಗಿ. ಅಂಗಾತ ಮಲಗುವುದಾದರೆ ಮೊಣಕಾಲಿನ ಕೆಳಗೆ ಎರಡು ದಿಂಬು ಇಟ್ಟುಕೊಳ್ಳಿ, ಅಥವಾ ಕಾಲುಗಳನ್ನು ಕುರ್ಚಿಯ ಮೇಲೆ ಇಡಿ. ಬಹಳ ಜನರಿಗೆ ಇದರಲ್ಲಿ ಹತ್ತು ನಿಮಿಷಕ್ಕೆ ಬಿಗಿ ಸ್ವಲ್ಪ ಬಿಡುತ್ತದೆ. ಉಸಿರು ಹಿಡಿಯಬೇಡಿ.

ಮಲಗುವುದು ಅಷ್ಟಕ್ಕೇ ಇರಲಿ. ನನ್ನತ್ತೆ ಪ್ರೀತಿಯಿಂದ ಹೇಳುತ್ತಾರೆ, "ಏಳ್ಬ್ಯಾಡ ಕಣವ್ವ, ಒಸಿ ಮನಿಕೊ." ಆ ಒಸಿ ಹೊತ್ತು ಸರಿ. ವಾರವಿಡೀ ಮಲಗಿದರೆ ಸ್ನಾಯು ಇನ್ನೂ ಸೋಲುತ್ತದೆ, ವಾಸಿಯಾಗುವುದು ತಡವಾಗುತ್ತದೆ. ಹಿಂದೆ ಡಾಕ್ಟರುಗಳೂ ಪೂರ್ತಿ ವಿಶ್ರಾಂತಿ ಹೇಳುತ್ತಿದ್ದರು. ಈಗ ಹೇಳುವುದಿಲ್ಲ. ಎಚ್ಚರವಿರುವಾಗ ಗಂಟೆಗೊಂದು ಸಲ ಎದ್ದು ಹಜಾರದಲ್ಲಿ ಎರಡು ಸುತ್ತು ನಡೆಯಿರಿ. ನೋವು ಇದ್ದರೂ ನಡೆಯಬಹುದು. ನೋವು ಕಾಲಿಗೆ ಇಳಿಯುತ್ತಾ ಹೋದರೆ ಮಾತ್ರ ನಿಲ್ಲಿಸಿ.

ಬಿಸಿನೀರಿನ ಚೀಲವನ್ನು ಟವಲ್‌ನಲ್ಲಿ ಸುತ್ತಿ 15-20 ನಿಮಿಷ ಇಡಿ. ದಿನಕ್ಕೆ ಮೂರು ನಾಲ್ಕು ಸಲ ಆಗಬಹುದು. ಚೀಲದ ಮೇಲೆ ನಿದ್ದೆ ಹೋಗಬೇಡಿ, ಚರ್ಮ ಸುಡುತ್ತದೆ. ಬಿಸಿ ಚೀಲ ಮತ್ತು ಮುಲಾಮು ಎರಡನ್ನೂ ಒಟ್ಟಿಗೆ ಬಳಸಬೇಡಿ. ಮುಲಾಮು ಹಚ್ಚಿದ ಕೈಯನ್ನು ಸೋಪು ಹಾಕಿ ತೊಳೆಯದೆ ಮಗುವನ್ನು ಮುಟ್ಟಬೇಡಿ. ಆ ಉರಿ ಮಗುವಿನ ಕಣ್ಣಿಗೆ ಹೋದರೆ ತಡೆಯಲಾಗದು.

ಮಾತ್ರೆಯ ವಿಷಯದಲ್ಲಿ ಒಂದು ಮಾತು. ಐಬುಪ್ರೊಫೆನ್, ಡೈಕ್ಲೋಫೆನಾಕ್ ಥರದ ಮಾತ್ರೆಗಳು ಕೆಲವು ದಿನ ಸಹಾಯ ಮಾಡುತ್ತವೆ. ಊಟದ ಮೇಲೆಯೇ ತೆಗೆದುಕೊಳ್ಳಬೇಕು. ಹೊಟ್ಟೆ ಹುಣ್ಣು, ಕಿಡ್ನಿ ತೊಂದರೆ, ಬಿ.ಪಿ. ಇದ್ದವರು, ಬಸುರಿಯರು ಡಾಕ್ಟರನ್ನು ಕೇಳದೆ ನುಂಗಬಾರದು. ಹಾಲು ಕುಡಿಸುತ್ತಿದ್ದರೆ ಮೆಡಿಕಲ್ ಶಾಪ್‌ನವರಿಗೂ ಡಾಕ್ಟರಿಗೂ ಅದನ್ನು ಮೊದಲೇ ಹೇಳಿ. ಹಾಲು ಬಿಡಿಸದೆಯೇ ಕೊಡಬಹುದಾದ ಮಾತ್ರೆಗಳಿವೆ. ಜ್ವರವೂ ಇದ್ದರೆ ಈ ಮಾತ್ರೆಗಳು ಬೇಡ. ಡೆಂಗಿ ಆಗಿದ್ದರೆ ಅವುಗಳಿಂದ ರಕ್ತಸ್ರಾವದ ಅಪಾಯ ಹೆಚ್ಚುತ್ತದೆ.

ಉಳುಕು ತೆಗೆಸುವುದು, ಕಾಲು ಮುಂದಾಗಿ ಹುಟ್ಟಿದವರಿಂದ ಸೊಂಟ ತುಳಿಸುವುದು, ಇವು ಬೇಡವೇ ಬೇಡ. ಹಗುರವಾಗಿ ಎಣ್ಣೆ ಹಚ್ಚಿ ನೀವಿದರೆ ಹಿತವಾಗುತ್ತದೆ, ಅದರಲ್ಲಿ ತಪ್ಪಿಲ್ಲ. ಆದರೆ ಸೆಟೆದುಕೊಂಡ ಬೆನ್ನಿನ ಮೇಲೆ ಜೋರಾಗಿ ತುಳಿದರೆ, ತಿರುಚಿದರೆ ಇದ್ದ ನೋವು ದೊಡ್ಡದಾಗುತ್ತದೆ.

ಮಕ್ಕಳನ್ನು ಏನು ಮಾಡುವುದು? ಆ ಎರಡು ದಿನ ಮನೆಯ ಬದುಕನ್ನೇ ನೆಲಕ್ಕೆ ಇಳಿಸಿಬಿಡಿ. ಹಜಾರದಲ್ಲಿ ಹಾಸಿಗೆ ಹಾಸಿ. ಡೈಪರ್, ಬಟ್ಟೆ, ನೀರಿನ ಬಾಟಲಿ, ಬಿಸ್ಕತ್ತು, ಆಟದ ಸಾಮಾನು, ಫೋನ್ ಚಾರ್ಜರ್ ಎಲ್ಲಾ ಕೈಗೆ ಸಿಗುವ ಹಾಗೆ ಒಂದು ಬುಟ್ಟಿಯಲ್ಲಿರಲಿ. ಹಾಲನ್ನು ಮಗ್ಗುಲಲ್ಲಿ ಮಲಗಿ ಕುಡಿಸಿ. ಬಟ್ಟೆ ಬದಲಿಸುವುದೂ, ಊಟ ಮಾಡಿಸುವುದೂ, ಕಥೆ ಹೇಳುವುದೂ ಅಲ್ಲೇ ಆಗಲಿ. ದೊಡ್ಡ ಮಗುವಿಗೆ ವಿಷಯ ಹೇಳಿ. ನಾನು ನನ್ನ ಮಗಳಿಗೆ, "ಅಮ್ಮನ ಸೊಂಟಕ್ಕೆ ಒಳಗಡೆ ನೋವಾಗಿದೆ, ನಿನ್ನಿಂದ ಆಗಿದ್ದಲ್ಲ, ವಾಸಿಯಾಗುತ್ತೆ," ಎಂದೆ. ಮಧ್ಯದ ಮಾತು ಬಿಡಬೇಡಿ. ತಮ್ಮನ್ನು ಎತ್ತಿದ್ದಕ್ಕೇ ಅಮ್ಮನಿಗೆ ನೋವು ಬಂತು ಎಂದು ಮಕ್ಕಳು ಒಳಗೊಳಗೇ ಕೊರಗುತ್ತಾರೆ.

ಸಹಾಯ ಕೇಳುವಾಗ ಕೆಲಸದ ಹೆಸರು ಹೇಳಿ ಕೇಳಿ. "ಸ್ವಲ್ಪ ನೋಡ್ಕೊಳ್ಳಿ" ಅಂದರೆ ಯಾರಿಗೂ ಏನು ಮಾಡಬೇಕೆಂದು ಗೊತ್ತಾಗುವುದಿಲ್ಲ. "ಎರಡು ದಿನ ಮಗುವಿನ ಸ್ನಾನ ನಿಮ್ಮದು," "ಅಕ್ಕ, ನಾಳೆ ವ್ಯಾನ್ ಹತ್ತಿಸ್ತೀರಾ?" ಅಂದರೆ ಆಗುತ್ತದೆ. ನೋವಿನ ದಿನ ಯಾರಿಗೆ ಫೋನ್ ಮಾಡಬೇಕು, ಯಾವ ಕೆಲಸ ಯಾರಿಗೆ ಎಂಬ ಚೀಟಿಯನ್ನು ನೋವಿಲ್ಲದಾಗಲೇ ಬರೆದು ಫ್ರಿಜ್ಜಿಗೆ ಅಂಟಿಸಿ. ನಮ್ಮ ಮನೆಯ ಚೀಟಿಯಲ್ಲಿ ಐದು ಸಾಲಿದೆ.

ಎತ್ತುವುದು, ಇಳಿಸುವುದು

ಮಗುವನ್ನು ಎತ್ತಲೇಬೇಡಿ ಎಂದು ಹೇಳುವವರಿದ್ದಾರೆ. ಎಳೆ ಮಗು ಇರುವ ಮನೆಯಲ್ಲಿ ಆ ಸಲಹೆ ನಡೆಯುವುದಿಲ್ಲ, ಅಲ್ವಾ? ಎತ್ತೋಣ, ಆದರೆ ಹೀಗೆ.

ನೆಲದಿಂದ ಎತ್ತುವಾಗ ಮೊದಲು ಮಗುವಿನ ತೀರಾ ಹತ್ತಿರ ಹೋಗಿ. ಒಂದು ಮಂಡಿ ನೆಲಕ್ಕೆ ಊರಿ, ಇನ್ನೊಂದು ಪಾದ ಮುಂದಿರಲಿ. ಮಗುವನ್ನು ಮೊದಲು ಮುಂದಿನ ತೊಡೆಯ ಮೇಲೆ ಕೂರಿಸಿಕೊಳ್ಳಿ. ಅಲ್ಲಿ ಒಂದು ಕ್ಷಣ ನಿಲ್ಲಿ. ಎದೆಗೆ ಅಪ್ಪಿಕೊಳ್ಳಿ. ಆಮೇಲೆ ಉಸಿರು ಬಿಡುತ್ತಾ ಕಾಲಿನ ಶಕ್ತಿಯಿಂದ ಏಳಿ. ಎದ್ದ ಮೇಲೆ ತಿರುಗಬೇಕಾದರೆ ಪಾದಗಳನ್ನು ತಿರುಗಿಸಿ, ಸೊಂಟವನ್ನು ತಿರುಚಬೇಡಿ. ಬಗ್ಗುವುದು, ತಿರುಚುವುದು, ಭಾರ ಎತ್ತುವುದು, ಈ ಮೂರೂ ಒಟ್ಟಿಗೆ ಸೇರಿದಾಗಲೇ ನನ್ನ ಸೊಂಟ ನಾಲ್ಕೂ ಸಲ ಹಿಡಿದದ್ದು.

ಇಳಿಸುವಾಗ ಬಹಳ ಜನ ಎಚ್ಚರ ತಪ್ಪುತ್ತಾರೆ. ನಿದ್ದೆ ಹೋದ ಮಗುವನ್ನು ಎಬ್ಬಿಸದೆ ಮಲಗಿಸುವ ಆತುರದಲ್ಲಿ ಕೈ ಚಾಚಿ, ಬೆನ್ನು ಬಗ್ಗಿಸಿ ನಿಧಾನವಾಗಿ ಇಳಿಸುತ್ತೇವೆ. ಬೆನ್ನಿಗೆ ಅದು ಅತಿ ಕಷ್ಟದ ಭಂಗಿ. ಮೊದಲು ಹಾಸಿಗೆಯ ಅಂಚಿನಲ್ಲಿ ನೀವು ಕೂತುಕೊಳ್ಳಿ. ಮಗುವಿನ ಜೊತೆಯೇ ಮಗ್ಗುಲಿಗೆ ಒರಗಿ. ಕೊನೆಗೆ ಕೈ ಬಿಡಿಸಿಕೊಳ್ಳಿ. ಎತ್ತರದ ಕಂಬಿ ಇರುವ ತೊಟ್ಟಿಲಾದರೆ ಒಂದು ಬದಿ ಇಳಿಸಿಟ್ಟೇ ಮಗುವನ್ನು ತೆಗೆಯಿರಿ. ಸೀರೆಯ ಜೋಳಿಗೆ ಕಟ್ಟುವಾಗ ತಳ ನಿಮ್ಮ ಮಂಡಿಗಿಂತ ಸ್ವಲ್ಪ ಮೇಲಿದ್ದರೆ ಸಾಕು. ಅದಕ್ಕಿಂತ ಎತ್ತರ ಬೇಡ, ಮಗು ಬಿದ್ದರೆ ಪೆಟ್ಟು ಜಾಸ್ತಿ.

ಕಂಕುಳಲ್ಲಿ ಎತ್ತಿಕೊಳ್ಳುವಾಗ ಸೊಂಟವನ್ನು ಒಂದು ಕಡೆಗೆ ಹೊರಗೆ ಚಾಚಿ ನಿಲ್ಲುತ್ತೇವೆ. ಎಲ್ಲರೂ ತಮಗೆ ಒಗ್ಗಿದ ಒಂದೇ ಕಡೆ ಎತ್ತಿಕೊಳ್ಳುತ್ತಾರೆ. ಐದು ನಿಮಿಷಕ್ಕೊಮ್ಮೆ ಕಡೆ ಬದಲಿಸಿ. ದೂರ ನಡೆಯುವುದಿದ್ದರೆ ಸೊಂಟದ ಪಟ್ಟಿ ಇರುವ ಬೇಬಿ ಕ್ಯಾರಿಯರ್ ಒಳ್ಳೆಯದು. ಮಗುವಿನ ತಲೆಗೆ ಮುತ್ತಿಡುವಷ್ಟು ಮೇಲಕ್ಕೆ, ಮೈಗೆ ಬಿಗಿಯಾಗಿ ಕಟ್ಟಿಕೊಳ್ಳಬೇಕು. ಜೋತುಬಿದ್ದರೆ ಉಪಯೋಗವಿಲ್ಲ. ಚಾಮುಂಡಿ ಬೆಟ್ಟದ ಮೆಟ್ಟಿಲಿನಲ್ಲಿ ಮಗುವನ್ನು ಕಂಕುಳಲ್ಲಿ ಹೊತ್ತು ಇಳಿಯುವ ತಾಯಂದಿರನ್ನು ನೋಡಿದಾಗಲೆಲ್ಲ ಹೋಗಿ ಹೇಳಬೇಕು ಅನ್ನಿಸುತ್ತದೆ: ಸೊಂಟ ನೋವಿರುವವರು ಹರಕೆ ಇದ್ದರೂ ಮಗುವನ್ನು ಬಸ್ಸಿನಲ್ಲಿ ಕರೆತನ್ನಿ.

ಎರಡು ವರ್ಷ ದಾಟಿದ ಮಗುವಿಗೆ ಹತ್ತುವುದನ್ನು ಕಲಿಸಿ. ಹಾಸಿಗೆಯ ಪಕ್ಕ, ಕೈ ತೊಳೆಯುವ ಸಿಂಕಿನ ಪಕ್ಕ ಗಟ್ಟಿಯಾದ ಸ್ಟೂಲ್ ಇಡಿ. ಅದೊಂದೇ ನನಗೆ ದಿನಕ್ಕೆ ಹತ್ತು ಸಲ ಎತ್ತುವುದನ್ನು ತಪ್ಪಿಸಿತು. "ಅಮ್ಮಾ, ಎತ್ಕೋ" ಎಂದು ಕೈ ಚಾಚಿದಾಗ ಸಾಧ್ಯವಾದಷ್ಟೂ ನೀವೇ ಕೂತುಬಿಡಿ. "ಬಾ, ಮಡಿಲಿಗೆ ಹತ್ತು" ಅನ್ನಿ. ಮಗು ಕೇಳುತ್ತಿರುವುದು ನಿಮ್ಮ ಮೈಯ ಬಿಸಿಯನ್ನು. ಅದು ನೆಲದ ಮೇಲೂ ಸಿಗುತ್ತದೆ.

ಬೆಳಿಗ್ಗೆ ಎದ್ದ ಮೊದಲ ಅರ್ಧ ಗಂಟೆ ವಿಶೇಷ ಎಚ್ಚರ ಇರಲಿ. ರಾತ್ರಿ ಮಲಗಿದಾಗ ಬೆನ್ನುಮೂಳೆಗಳ ನಡುವಿನ ಡಿಸ್ಕ್‌ಗಳು ನೀರು ಹೀರಿಕೊಂಡು ಉಬ್ಬಿರುತ್ತವೆ. ಆಗ ಬಗ್ಗಿದರೆ ಒತ್ತಡ ಜಾಸ್ತಿ. ಹಾಸಿಗೆಯಿಂದ ನೇರವಾಗಿ ಎದ್ದು ಕೂರದೆ, ಅಜ್ಜಿಯರು ಹೇಳುವ ಹಾಗೆ ಬಲ ಮಗ್ಗುಲಿಗೆ ಹೊರಳಿ, ಕೈಯೂರಿ ಏಳಿ. ಮೊದಲು ಸ್ವಲ್ಪ ಓಡಾಡಿ, ಆಮೇಲೆ ಮಗುವನ್ನು ಎತ್ತಿ.

ಮನೆಗೆಲಸದಲ್ಲಿ

ಎಳೆ ಮಗುವನ್ನು ಕಾಲು ಚಾಚಿ ಅದರ ಮೇಲೆ ಮಲಗಿಸಿ ನೀರು ಹಾಕುವುದು ನಮ್ಮ ಪದ್ಧತಿ. ನೋಡಲು ಚೆಂದ. ಆದರೆ ಕಾಲು ನೀಡಿ ಮುಂದಕ್ಕೆ ಬಾಗಿದರೆ ಸೊಂಟದ ಮೇಲೆ ಒತ್ತಡ ಬೀಳುತ್ತದೆ. ನೋವಿರುವ ತಿಂಗಳು ಆ ಕೆಲಸವನ್ನು ಬೇರೆಯವರು ಮಾಡಲಿ. ಯಾರೂ ಇಲ್ಲದಿದ್ದರೆ ಬೆನ್ನನ್ನು ಗೋಡೆಗೆ ಒರಗಿಸಿ, ಮಣೆಯ ಮೇಲೆ ಕೂತು, ನೀರಿನ ಬಕೆಟ್ ಪಕ್ಕದಲ್ಲೇ ಇಟ್ಟುಕೊಳ್ಳಿ. ಕೂರಲು ಬರುವ ಮಗುವಾದರೆ ಟಬ್ ಸಾಕು. ಹಾಲು ಕುಡಿಸುವಾಗಲೂ ನೀವು ಮಗುವಿನತ್ತ ಬಗ್ಗಬೇಡಿ. ತೊಡೆಯ ಮೇಲೆ ದಿಂಬು ಇಟ್ಟು ಮಗುವನ್ನು ಎದೆಯ ಎತ್ತರಕ್ಕೆ ತನ್ನಿ.

ಮುದ್ದೆ ತಿರುವುವುದು ಇನ್ನೊಂದು. ಪಾತ್ರೆಯನ್ನು ನೆಲಕ್ಕಿಟ್ಟು ಪಾದದಿಂದ ಒತ್ತಿ ಹಿಡಿದು, ಬಗ್ಗಿ, ಕೋಲಿನಿಂದ ತಿರುವುವಾಗ ಬಗ್ಗುವಿಕೆಯೂ ತಿರುಚುವಿಕೆಯೂ ಒಟ್ಟಿಗೆ ಆಗುತ್ತವೆ. ಐದಾರು ಜನರ ಹಿಟ್ಟನ್ನು ಒಂದೇ ಸಲ ತಿರುವದೆ ಎರಡು ಸಲ ಮಾಡಿ. ಇಲ್ಲವೇ ಆ ವಾರ ಮನೆಯ ಗಂಡಸರಿಗೆ ಕೋಲು ಕೊಡಿ. ನಮ್ಮ ಮನೆಯಲ್ಲಿ ಈಗ ಅದು ಗಂಡನ ಕೆಲಸ, ಗಂಟು ಕಟ್ಟದ ಮುದ್ದೆ ಮಾಡುತ್ತಾರೆ.

ಉಳಿದದ್ದು ಚಿಕ್ಕಪುಟ್ಟದ್ದು. ಉದ್ದ ಹಿಡಿಯ ಪೊರಕೆ, ಉದ್ದ ಹಿಡಿಯ ಮಾಪು ತನ್ನಿ. ಬಕೆಟ್ ಅರ್ಧ ತುಂಬಿ. ಒಗೆದ ಬಟ್ಟೆಯ ಬುಟ್ಟಿಯನ್ನು ಸ್ಟೂಲಿನ ಮೇಲಿಡಿ. 14.2 ಕೆ.ಜಿ. ಗ್ಯಾಸ್ ತುಂಬಿದ ಸಿಲಿಂಡರ್‌ನ ಒಟ್ಟು ತೂಕ 30 ಕೆ.ಜಿ. ಹತ್ತಿರ ಬರುತ್ತದೆ. ಅದನ್ನು ಎತ್ತಬೇಡಿ, ಓರೆ ಮಾಡಿ ಉರುಳಿಸಿ. ಸ್ಕೂಟರ್‌ಗೆ ಸೈಡ್ ಸ್ಟ್ಯಾಂಡ್ ಸಾಕು, ಡಬಲ್ ಸ್ಟ್ಯಾಂಡ್ ಎಳೆಯುವಾಗ ಸೊಂಟ ಹಿಡಿದವರು ನನಗೇ ಇಬ್ಬರು ಗೊತ್ತು.

ನೋವಿಲ್ಲದ ದಿನಗಳ ಹತ್ತು ನಿಮಿಷ

ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ಇದು. ಎತ್ತುವ ರೀತಿ ಸರಿ ಮಾಡಿಕೊಂಡರಷ್ಟೇ ಸಾಲದು. ಬೆನ್ನಿಗೆ ಶಕ್ತಿ ಬರಬೇಕು.

ದಸರಾಗೆ ಎರಡು ತಿಂಗಳ ಮೊದಲೇ ಆನೆಗಳು ಮೈಸೂರಿಗೆ ಬರುವುದನ್ನು ನಾವೆಲ್ಲ ನೋಡುತ್ತೇವೆ. 750 ಕೆ.ಜಿ. ಅಂಬಾರಿಯನ್ನು ಆನೆಯ ಮೇಲೆ ಮೊದಲ ದಿನವೇ ಹೇರುವುದಿಲ್ಲ. ದಿನಾ ಅರಮನೆಯಿಂದ ಬನ್ನಿಮಂಟಪದ ತನಕ ಬರೀ ನಡೆಸುತ್ತಾರೆ. ಆಮೇಲೆ ಮರಳಿನ ಮೂಟೆ ಹೊರಿಸುತ್ತಾರೆ. ಮೂಟೆಯ ಭಾರವನ್ನು ಸ್ವಲ್ಪಸ್ವಲ್ಪವೇ ಏರಿಸುತ್ತಾರೆ. ಮರದ ಅಂಬಾರಿ ಬರುವುದು ಅದಾದ ಮೇಲೆ. ಆನೆಗೆ ಬೇಕಾದ ತಾಲೀಮು ತಾಯಿಗೆ ಬೇಡವಾ? ಮಗು ತಿಂಗಳು ತಿಂಗಳೂ ಭಾರವಾಗುತ್ತದೆ. ಬೆನ್ನೂ ತಿಂಗಳು ತಿಂಗಳೂ ಗಟ್ಟಿಯಾಗಬೇಕು.

ಶುರು ಮಾಡುವ ಮೊದಲು ಹೊಟ್ಟೆಯನ್ನು ಒಮ್ಮೆ ನೋಡಿಕೊಳ್ಳಿ. ಅಂಗಾತ ಮಲಗಿ, ಮೊಣಕಾಲು ಮಡಚಿ, ತಲೆ ಮಾತ್ರ ಸ್ವಲ್ಪ ಎತ್ತಿ. ಹೊಕ್ಕುಳದ ಮೇಲೂ ಕೆಳಗೂ ಬೆರಳಿನಿಂದ ಒತ್ತಿ. ನಡುವೆ ಎರಡು ಬೆರಳಿಗಿಂತ ಹೆಚ್ಚು ಅಗಲದ ಸಂದು ಸಿಕ್ಕರೆ ಹೊಟ್ಟೆಯ ಸ್ನಾಯುಗಳು ಇನ್ನೂ ಕೂಡಿಲ್ಲ ಎಂದರ್ಥ. ಅಂಥವರು ಫಿಸಿಯೋಥೆರಪಿಸ್ಟ್‌ಗೆ ತೋರಿಸಿ ಶುರು ಮಾಡಿ. ಮಲಗಿ ಎದ್ದು ಕೂರುವ ಕಸರತ್ತು ಬೇಡ. ಸಿಸೇರಿಯನ್ ಆದವರು ಡಾಕ್ಟರ್ ಒಪ್ಪಿದ ಮೇಲೆಯೇ ಮುಂದುವರಿಯಿರಿ.

ಮೊದಲನೆಯದು, ಅಂಗಾತ ಮಲಗಿ ಮೊಣಕಾಲು ಮಡಚಿ ಸೊಂಟದ ಹಳ್ಳವನ್ನು ಚಾಪೆಗೆ ಮೆಲ್ಲಗೆ ಒತ್ತುವುದು. 5 ಸೆಕೆಂಡ್ ಹಿಡಿದು ಬಿಡಿ. ಹತ್ತು ಸಲ. ನೋವಿನ ದಿನಗಳಲ್ಲೂ ಇದನ್ನು ಮಾಡಬಹುದು.

ಎರಡನೆಯದು ಸೇತುಬಂಧಾಸನ. ಅದೇ ಭಂಗಿಯಲ್ಲಿ ಪಾದ ಒತ್ತಿ ಸೊಂಟವನ್ನು ಮೇಲೆತ್ತಿ. 5 ಸೆಕೆಂಡ್ ನಿಲ್ಲಿಸಿ ಇಳಿಸಿ. ಹತ್ತು ಸಲ. ಮಗುವನ್ನು ಎತ್ತುವಾಗ ಕೆಲಸ ಮಾಡಬೇಕಾದ್ದು ಈ ಕೂರುವ ಜಾಗದ ಸ್ನಾಯುಗಳೇ.

ಮೂರನೆಯದು ಆನೆಯ ಭಂಗಿ. ಕೈ, ಮಂಡಿ ಊರಿ ನಿಲ್ಲಿ. ಬಲಗೈಯನ್ನು ಮುಂದಕ್ಕೂ ಎಡಗಾಲನ್ನು ಹಿಂದಕ್ಕೂ ನೇರ ಚಾಚಿ. ಸೊಂಟ ಅಲ್ಲಾಡಬಾರದು. 8-10 ಸೆಕೆಂಡ್. ಆಮೇಲೆ ಇನ್ನೊಂದು ಜೋಡಿ. ಒಂದೊಂದಕ್ಕೆ ಐದು ಸಲ. ಅಂಬಾರಿ ಆಟ ಅಂದುಕೊಂಡು ಮಕ್ಕಳು ಬೆನ್ನೇರಲು ಓಡಿ ಬರುತ್ತಾರೆ. ಮೊದಲ ತಿಂಗಳುಗಳಲ್ಲಿ ಬಿಡಬೇಡಿ. ಅವರಿಗೂ ಪಕ್ಕದಲ್ಲಿ ಚಾಪೆ ಹಾಸಿ ಮರಿಯಾನೆ ಮಾಡಿ.

ನಾಲ್ಕನೆಯದು, ಒಂದು ಮಗ್ಗುಲಿಗೆ ಮಲಗಿ ಮೊಣಕೈ ಮತ್ತು ಮಂಡಿ ಊರಿ ಸೊಂಟವನ್ನು ನೆಲದಿಂದ ಎತ್ತಿ 10 ಸೆಕೆಂಡ್ ನಿಲ್ಲುವುದು. ಎರಡೂ ಕಡೆ ಮೂರು ಮೂರು ಸಲ. ಕೊನೆಯದು, ಕುರ್ಚಿಯಿಂದ ಕೈ ಊರದೆ ಹತ್ತು ಸಲ ಎದ್ದು ಕೂರುವುದು. ಎರಡು ತಿಂಗಳಾದ ಮೇಲೆ ಎದೆಗೆ 2 ಕೆ.ಜಿ. ಅಕ್ಕಿ ಪ್ಯಾಕೆಟ್ ಅಪ್ಪಿಕೊಂಡು ಮಾಡಿ. ಆಮೇಲೆ 5 ಕೆ.ಜಿ. ಇದೇ ನಮ್ಮ ಮರಳಿನ ಮೂಟೆ.

1930ರ ದಶಕದಲ್ಲಿ ಕೃಷ್ಣಮಾಚಾರ್ಯರು ಜಗನ್ಮೋಹನ ಅರಮನೆಯಲ್ಲಿ ಯೋಗ ಕಲಿಸಿದ ಊರು ನಮ್ಮದು. ಬೀದಿಗೊಂದು ಯೋಗ ತರಗತಿ ಸಿಗುತ್ತದೆ. ಸೇರುವಾಗ ನಿಮ್ಮ ಸೊಂಟದ ವಿಷಯ ಗುರುಗಳಿಗೆ ಮೊದಲೇ ಹೇಳಿ. ನೋವು ಹಸಿಯಾಗಿರುವಾಗ ಪಶ್ಚಿಮೋತ್ತಾನಾಸನದಂಥ ಆಳವಾಗಿ ಮುಂದೆ ಬಾಗುವ ಆಸನಗಳು ಬೇಡ.

ನಡಿಗೆ

ಬೆನ್ನು ನೋವಿನಿಂದ ಆಗಷ್ಟೇ ಚೇತರಿಸಿಕೊಂಡ 701 ಜನರನ್ನು ಆಸ್ಟ್ರೇಲಿಯಾದಲ್ಲಿ ಎರಡು ಗುಂಪು ಮಾಡಿ ನೋಡಿದರು. ಒಂದು ಗುಂಪಿಗೆ ಫಿಸಿಯೋಥೆರಪಿಸ್ಟ್ ಮಾರ್ಗದರ್ಶನದಲ್ಲಿ ನಡಿಗೆ. ಇನ್ನೊಂದು ಗುಂಪಿಗೆ ಏನೂ ಇಲ್ಲ. ನಡೆಯದವರಿಗೆ ನೋವು ಮರಳಲು ಹಿಡಿದ ಕಾಲದ ಮಧ್ಯಾಂಕ, ಅಂದರೆ ಅರ್ಧ ಜನರಿಗೆ ನೋವು ಮರಳುವ ಹೊತ್ತಿಗೆ ಕಳೆದ ಕಾಲ, 112 ದಿನ. ನಡೆದವರಿಗೆ 208 ದಿನ. ಇದು 2024ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ನಡಿಗೆಯಿಂದ ನೋವು ಪೂರ್ತಿ ಹೋಗಲಿಲ್ಲ, ಆದರೆ ಹೆಚ್ಚು ಕಡಿಮೆ ಎರಡರಷ್ಟು ದೂರ ಹೋಯಿತು. ಮಕ್ಕಳಿರುವ ಮನೆಯಲ್ಲಿ ಆ ಮೂರು ತಿಂಗಳು ಅಂದರೆ ಏನೆಂದು ನಮಗೆ ಗೊತ್ತು.

ಅವರ ಗುರಿ ವಾರಕ್ಕೆ ಐದು ದಿನ, ದಿನಕ್ಕೆ 30 ನಿಮಿಷ. ಆರು ತಿಂಗಳೊಳಗೆ ಅಲ್ಲಿಗೆ ಮುಟ್ಟಿದರೆ ಸಾಕು. ನಾನು ಹತ್ತು ನಿಮಿಷದಿಂದ ಶುರು ಮಾಡಿದೆ. ಬೆಳಿಗ್ಗೆ ಆರಕ್ಕೆ ಕುಕ್ಕರಹಳ್ಳಿ ಕೆರೆ ಏರಿ. ಮಕ್ಕಳು ಏಳುವ ಮೊದಲು ವಾಪಸ್. ನಿಮಗೆ ಲಿಂಗಾಂಬುಧಿ ಕೆರೆ ಹತ್ತಿರವಾಗಬಹುದು, ಮಂಡ್ಯದ ಕಡೆಯವರಿಗೆ ನಾಲೆ ಏರಿ ಇದೆ. ಹೊರಗೆ ಹೋಗಲಾಗದ ದಿನ ಮಹಡಿ ಮೇಲೆ ನಡೆಯಿರಿ. ಮಗುವನ್ನು ತಳ್ಳುಗಾಡಿಯಲ್ಲಿ ಕರೆದೊಯ್ಯುವುದಾದರೆ ಹಿಡಿ ನಿಮ್ಮ ಹೊಟ್ಟೆಯ ಎತ್ತರಕ್ಕಿರಲಿ, ಬಗ್ಗಿ ತಳ್ಳುವಂತಿರಬಾರದು.

ಡಾಕ್ಟರ ಹತ್ತಿರ ಹೋದಾಗ

ನಾಲ್ಕರಿಂದ ಆರು ವಾರದಲ್ಲಿ ಕಡಿಮೆಯಾಗದಿದ್ದರೆ, ವರ್ಷದಲ್ಲಿ ಮೂರು ನಾಲ್ಕು ಸಲ ಬರುತ್ತಿದ್ದರೆ ಒಮ್ಮೆ ಸರಿಯಾಗಿ ತೋರಿಸಿ. ಯಾವಾಗ ಶುರುವಾಯಿತು, ಕಾಲಿಗೆ ಇಳಿಯುತ್ತದಾ, ಏನು ಮಾಡಿದರೆ ಜಾಸ್ತಿ, ಎಷ್ಟು ಭಾರದ ಮಗುವನ್ನು ಎತ್ತುತ್ತೀರಿ, ಹಾಲು ಕುಡಿಸುತ್ತೀರಾ, ಇಷ್ಟನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ.

ಮೂರನೇ ಸಲ ನಾನು ಹೋದ ಒಂದು ಕಡೆ ಮೈ ಮುಟ್ಟಿಯೂ ನೋಡದೆ ಎಂ.ಆರ್.ಐ.ಗೆ ಬರೆದರು. ವರದಿಯಲ್ಲಿ ಡಿಸ್ಕ್ ಉಬ್ಬಿದೆ ಎಂದಿತ್ತು. ನನ್ನ ಬೆನ್ನು ಮುರಿದೇ ಹೋಗಿದೆ ಎಂದು ಆರು ತಿಂಗಳು ಹೆದರಿಕೊಂಡೇ ಬದುಕಿದೆ. ಮಗನನ್ನು ಎತ್ತಲೂ ಭಯ. ಆಮೇಲೆ ತಿಳಿಯಿತು: ನೋವೇ ಇಲ್ಲದ 30 ವರ್ಷದವರನ್ನು ಸ್ಕ್ಯಾನ್ ಮಾಡಿದರೂ ನೂರಕ್ಕೆ 40 ಜನರಲ್ಲಿ ಡಿಸ್ಕ್ ಉಬ್ಬಿರುತ್ತದೆ. 50 ವರ್ಷದವರಲ್ಲಿ 60 ಜನ. ತಲೆಗೂದಲು ನರೆಯುವ ಹಾಗೆ ಅದು ವಯಸ್ಸಿನ ಗುರುತು. ಮೇಲೆ ಹೇಳಿದ ಅಪಾಯದ ಲಕ್ಷಣ ಇದ್ದರೆ, ಅಥವಾ ಕಾಲಿನ ನೋವು ವಾರಗಟ್ಟಲೆ ಬಿಡದಿದ್ದರೆ ಸ್ಕ್ಯಾನ್ ಬೇಕೇ ಬೇಕು. ಇಲ್ಲದಿದ್ದರೆ, "ಇದರಿಂದ ನನ್ನ ಚಿಕಿತ್ಸೆ ಬದಲಾಗುತ್ತದಾ?" ಎಂದು ಕೇಳಿ. ಯಾವ ಇಂಜೆಕ್ಷನ್ ಹಾಕುತ್ತಿದ್ದಾರೆ ಎಂದೂ ಕೇಳಿ, ಹೆಸರು ಬರೆಸಿಕೊಳ್ಳಿ. ಸೊಂಟದ ಬೆಲ್ಟ್ ಪ್ರಯಾಣದ ದಿನಕ್ಕೆ ಆದೀತು, ದಿನವಿಡೀ ಕಟ್ಟಿಕೊಂಡರೆ ಸ್ನಾಯು ಸೋಮಾರಿಯಾಗುತ್ತದೆ.

ಕ್ಯಾಲೆಂಡರಿನಲ್ಲಿ ಗುರುತು

ಅಡುಗೆಮನೆಯ ಕ್ಯಾಲೆಂಡರಿನಲ್ಲಿ ವ್ಯಾಯಾಮ ಮಾಡಿದ ದಿನ ಗೀಟು, ನೋವಿನ ದಿನ ಸೊನ್ನೆ ಹಾಕಿ. ಮೂರು ತಿಂಗಳ ಹಾಳೆಗಳನ್ನು ಒಟ್ಟಿಗೆ ತಿರುವಿ ನೋಡಿ. ನನ್ನ ಸೊನ್ನೆಗಳು ಎರಡು ಕಡೆ ಗುಂಪಾಗಿದ್ದವು. ಮಕ್ಕಳಿಗೆ ಜ್ವರ ಬಂದು ರಾತ್ರಿಯಿಡೀ ಎತ್ತಿಕೊಂಡು ತಿರುಗಿದ ವಾರಗಳಲ್ಲಿ, ಮತ್ತೆ ಗೌರಿ ಹಬ್ಬದ ಮುಂಚೆ ಅಟ್ಟ ಇಳಿಸಿ ತೊಳೆದ ವಾರದಲ್ಲಿ. ಎರಡೂ ವಾರ ಗೀಟು ಒಂದೂ ಇರಲಿಲ್ಲ. ಈಗ ಜ್ವರದ ರಾತ್ರಿಗಳನ್ನು ಹಂಚಿಕೊಂಡಿದ್ದೇವೆ, ಎರಡು ಗಂಟೆಯ ತನಕ ನಾನು, ಆಮೇಲೆ ಅವರು. ಅಟ್ಟದ ಕೆಲಸ ಹಬ್ಬಕ್ಕೆ ಮೂರು ವಾರ ಮೊದಲೇ ಶುರುವಾಗುತ್ತದೆ, ದಿನಕ್ಕೆ ಒಂದು ಡಬ್ಬ.